ಹಾದಿಯ ಹಕ್ಕು ಮತ್ತು ತೀರ್ಪಿನ ಅಧಿಕಾರ: ಹಾಯಿದೋಣಿಗಳ ದ್ವಂದ್ವಸ್ಪರ್ಧೆಯ ನಿಯಮಗಳನ್ನು ಕುರಿತು ಒಂದು ವಿಮರ್ಶೆ

ಒಂದೇ ಹಾದಿಯಲ್ಲಿ ಇಬ್ಬರು ಎದುರಾದಾಗ ಯಾರು ಸರಿದು ನಿಲ್ಲಬೇಕು ಎಂಬ ಪ್ರಶ್ನೆ ಬಹು ಹಳೆಯದು. ಯಾದಗಿರಿ ಸೀಮೆಯ ಬಳಿಚಕ್ರದಂತಹ ಊರಿನಲ್ಲಿ ಹೊಲಗಳ ನಡುವಣ ಬಂಡಿದಾರಿಯಲ್ಲಿ ತೊಗರಿ ಹೇರಿದ ಬಂಡಿಯೂ ಬರಿಯ ಬಂಡಿಯೂ ಎದುರಾದರೆ, ಬರಿಯ ಬಂಡಿಯೇ ಪಕ್ಕಕ್ಕೆ ಸರಿಯಬೇಕೆಂಬುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ಹಾಗೆ ಸರಿಯದೆ ಹೋದಾಗ ತಪ್ಪು ಯಾರದು, ಅದನ್ನು ಹೇಳುವವರು ಯಾರು, ಹೇಳಿದ ಮಾತನ್ನು ತಿದ್ದಬಹುದೆ ಎಂಬ ಪ್ರಶ್ನೆಗಳು ಹುಟ್ಟಿದೊಡನೆ ಲೋಕಾಚಾರವು ಶಾಸ್ತ್ರವಾಗುತ್ತದೆ. ಅಂತಹ ಎರಡು ಶಾಸ್ತ್ರಗಳನ್ನು ಜೊತೆಗಿಟ್ಟು ನೋಡುವುದು ಈ ಲೇಖನದ ಉದ್ದೇಶ. ಒಂದು, ನಮ್ಮ ನಾಡಿನ ನೆಲದ ಮೇಲೆ ಬರೆಯಲ್ಪಟ್ಟ ಮಿತಾಕ್ಷರೆ. ಇನ್ನೊಂದು, ಎರಡೇ ಹಾಯಿದೋಣಿಗಳು ಪರಸ್ಪರ ಸೆಣಸುವ ದ್ವಂದ್ವಸ್ಪರ್ಧೆಯ ಇಂದಿನ ನಿಯಮಾವಳಿ. ಒಂದರಿಂದ ಮತ್ತೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಒಂದೇ ತೊಡಕನ್ನು ಎರಡು ಬುದ್ಧಿಗಳು ಹೇಗೆ ಬಿಡಿಸಿದವು, ಯಾವುದು ಎಲ್ಲಿ ಸೋತಿತು ಎಂಬುದಷ್ಟೇ ಇಲ್ಲಿಯ ವಿಚಾರ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಕಲಬುರಗಿ ಜಿಲ್ಲೆಯ ಮರತೂರಿಗೂ ಅವನಿಗೂ ಸಂಬಂಧವನ್ನು ಹೇಳುವುದುಂಟು. ಆದಕಾರಣ ಭೀಮೆಯ ಬಯಲಿನವರಿಗೆ ಅವನು ದೂರದವನಲ್ಲ. ಆ ಸ್ಮೃತಿಯ ಆಚಾರಾಧ್ಯಾಯದಲ್ಲಿ ಹಾದಿ ಬಿಡಬೇಕಾದವರ ಒಂದು ಪಟ್ಟಿಯಿದೆ. ಮುದುಕನಿಗೆ, ಹೊರೆ ಹೊತ್ತವನಿಗೆ, ಅರಸನಿಗೆ, ಸ್ನಾತಕನಿಗೆ, ಹೆಂಗಸಿಗೆ, ರೋಗಿಗೆ, ಮದುವಣಿಗನಿಗೆ, ಬಂಡಿ ಹೊಡೆಯುವವನಿಗೆ ಹಾದಿ ಕೊಡತಕ್ಕದ್ದು. ಇವರೇ ಪರಸ್ಪರ ಎದುರಾದರೆ ಅರಸನು ಮಾನ್ಯ. ಅರಸನಿಗೂ ಸ್ನಾತಕನು ಮಾನ್ಯ.

ಈ ಪಟ್ಟಿಯಲ್ಲಿ ಎರಡು ಬೇರೆ ಬೇರೆ ತತ್ತ್ವಗಳು ಬೆರೆತಿವೆ. ಮುದುಕ, ರೋಗಿ, ಹೊರೆಯಾಳು, ಬಂಡಿಕಾರ ಇವರು ಸುಲಭವಾಗಿ ಸರಿಯಲಾರದವರು. ಇಲ್ಲಿ ಕಾಣುವುದು ಶಕ್ತಿಯ ಲೆಕ್ಕ. ಅರಸ, ಸ್ನಾತಕ, ಮದುವಣಿಗ ಇವರು ಸರಿಯಬಲ್ಲರು, ಆದರೆ ಸರಿಯಕೂಡದು. ಇಲ್ಲಿ ಕಾಣುವುದು ಗೌರವದ ಲೆಕ್ಕ. ಎರಡು ಲೆಕ್ಕಗಳು ಒಂದಕ್ಕೊಂದು ಎದುರಾದಾಗ ಸ್ಮೃತಿಯು ಗೌರವದ ಕಡೆಗೆ ವಾಲುತ್ತದೆ. ಹೊರೆ ಹೊತ್ತವನೂ ಅರಸನೂ ಎದುರಾದರೆ ಹೊರೆಯವನೇ ಸರಿಯಬೇಕು. ಶಾಸ್ತ್ರದ ಕಾರುಣ್ಯವು ಅಷ್ಟರ ಮಟ್ಟಿಗೆ ಕುಂಠಿತವಾಯಿತೆಂದು ಒಪ್ಪಲೇಬೇಕು.

ಇನ್ನು ದೋಣಿಗಳ ಕಡೆಗೆ ಬರೋಣ. ತುಳುನಾಡಿನ ಜೋಡುಕರೆ ಕಂಬಳದಲ್ಲಿಯೂ ಎರಡೇ ಜೋಡಿ ಕೋಣಗಳು ಸೆಣಸುತ್ತವೆ. ಆದರೆ ಪ್ರತಿ ಜೋಡಿಗೂ ತನ್ನದೇ ಕರೆಯಿರುವುದರಿಂದ ಅಲ್ಲಿ ಹಾದಿಯ ತಂಟೆಯಿಲ್ಲ. ಮಂಜೊಟ್ಟಿಯನ್ನು ಮೊದಲು ಮುಟ್ಟಿದವರು ಯಾರೆಂಬುದಷ್ಟೇ ಪ್ರಶ್ನೆ. ಹಾಯಿದೋಣಿಗಳಿಗೆ ಇಂತಹ ಪ್ರತ್ಯೇಕ ಕರೆಯಿಲ್ಲ. ನೀರು ಒಂದೇ, ಗಾಳಿಯೂ ಒಂದೇ. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಸಾಗಲಾರದಾದಕಾರಣ ದೋಣಿಗಳು ಒಮ್ಮೆ ಈ ಓರೆಗೆ, ಒಮ್ಮೆ ಆ ಓರೆಗೆ ಹೊರಳುತ್ತಾ ಮೇಲೇರಬೇಕು. ಹೀಗೆ ಹೊರಳುವಾಗ ಅವುಗಳ ಹಾದಿಗಳು ಮತ್ತೆ ಮತ್ತೆ ಕತ್ತರಿಸುತ್ತವೆ. ದ್ವಂದ್ವಸ್ಪರ್ಧೆಯಲ್ಲಿ ಎದುರಾಳಿಯ ಹಾದಿಯನ್ನು ಕಟ್ಟುವುದೇ ಆಟದ ಅರ್ಧ ಭಾಗ. ಆದುದರಿಂದ ಇಲ್ಲಿ ಹಾದಿಯ ನಿಯಮವೇ ಆಟದ ತಿರುಳು.

ನಿಯಮಾವಳಿಯ ಮೂಲಸೂತ್ರಗಳು ಕೆಲವೇ. ಎಡಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಯು ಬಲಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಯಿಂದ ದೂರವಿರಬೇಕು. ಎರಡಕ್ಕೂ ಗಾಳಿ ಒಂದೇ ಮಗ್ಗುಲಿನಿಂದ ಬರುತ್ತಿದ್ದು, ಅವು ಅಕ್ಕಪಕ್ಕದಲ್ಲಿದ್ದರೆ ಗಾಳಿಯ ಕಡೆಯದು ಮರೆಯ ಕಡೆಯದರಿಂದ ದೂರವಿರಬೇಕು. ಹಿಂದುಮುಂದಾಗಿದ್ದರೆ ಹಿಂದಿನದು ದೂರವಿರಬೇಕು. ಗಾಳಿಗೆ ಮುಖವಿಟ್ಟು ಹೊರಳುತ್ತಿರುವುದು ಹೊರಳಿ ಮುಗಿಯುವ ತನಕ ಉಳಿದುದರಿಂದ ದೂರವಿರಬೇಕು.

ವಾಚಕರು ಇಲ್ಲಿಯ ವಾಕ್ಯರಚನೆಯನ್ನು ಗಮನಿಸಬೇಕು. ಈ ಭಾಗಕ್ಕೆ ‘ಹಾದಿಯ ಹಕ್ಕು’ ಎಂಬ ಹೆಸರು ರೂಢಿಯಲ್ಲಿದ್ದರೂ ಸೂತ್ರಗಳು ಯಾರಿಗೂ ಹಕ್ಕನ್ನು ನೇರವಾಗಿ ಕೊಡುವುದಿಲ್ಲ. ಒಬ್ಬನಿಗೆ ದೂರವಿರುವ ಕರ್ತವ್ಯವನ್ನು ವಿಧಿಸುತ್ತವೆ. ಇನ್ನೊಬ್ಬನ ಹಕ್ಕು ಆ ಕರ್ತವ್ಯದ ನೆರಳು ಮಾತ್ರ. ಸ್ಮೃತಿಯೂ ‘ಹಾದಿ ಕೊಡತಕ್ಕದ್ದು’ ಎನ್ನುತ್ತದೆಯೇ ಹೊರತು ‘ಹಾದಿ ಕೇಳಬಹುದು’ ಎನ್ನುವುದಿಲ್ಲ. ಅಲ್ಲದೆ ಹಕ್ಕುಳ್ಳ ದೋಣಿಗೂ ಕಟ್ಟುಗಳುಂಟು. ಹೊಸದಾಗಿ ಹಕ್ಕನ್ನು ಪಡೆದಾಗ ಎದುರಾಳಿಗೆ ಸರಿಯಲು ಮೊದಲು ಎಡೆ ಕೊಡಬೇಕು. ದಿಕ್ಕನ್ನು ಬದಲಿಸುವಾಗಲೂ ಎಡೆ ಕೊಡಬೇಕು. ಸಾಧ್ಯವಿರುವ ಮಟ್ಟಿಗೆ ತಾಗುವುದನ್ನು ತಪ್ಪಿಸಬೇಕು. ಸರಿಯಲು ಹೊತ್ತನ್ನೇ ಕೊಡದೆ ಸರಿಯೆಂದು ಕೇಳುವುದು ನ್ಯಾಯವಲ್ಲವೆಂಬ ಈ ವಿವೇಕವು ಸ್ಮೃತಿಯ ಪಟ್ಟಿಯಲ್ಲಿಲ್ಲ. ಈ ಅಂಶದಲ್ಲಿ ದೋಣಿಯ ಶಾಸ್ತ್ರವೇ ಮೇಲು.

ಆದರೆ ಬಲಮಗ್ಗುಲಿನ ಗಾಳಿಗೆ ಈ ಮನ್ನಣೆ ಏಕೆ? ಇದರಲ್ಲಿ ಶಕ್ತಿಯ ಲೆಕ್ಕವೂ ಇಲ್ಲ, ಗೌರವದ ಲೆಕ್ಕವೂ ಇಲ್ಲ. ಹಿಂದಣ ನಿಯಮಗಳಲ್ಲಿ ಶಕ್ತಿಯ ಲೆಕ್ಕವಿದ್ದಿತು: ಗಾಳಿಗೆ ಎದುರಾಗಿ ಬಿಗಿದ ಹಾಯಿಯಲ್ಲಿ ಕಷ್ಟದಿಂದ ಏರುವ ದೋಣಿಗೆ, ಗಾಳಿಯ ಜೊತೆಗೆ ಸರಾಗವಾಗಿ ಹೋಗುವ ದೋಣಿಯು ಹಾದಿ ಬಿಡಬೇಕಾಗಿದ್ದಿತು. ಹೇರಿದ ಬಂಡಿಗೆ ಬರಿಯ ಬಂಡಿ ಸರಿಯುವ ನ್ಯಾಯವೇ ಇದು. ಆದರೆ ಯಾವ ದೋಣಿ ಎಷ್ಟು ಬಿಗಿದಿದೆ ಎಂಬುದು ದೂರದಿಂದ ನೋಡುವವನಿಗೆ ಸಂದೇಹಾಸ್ಪದ. ಗಾಳಿ ಯಾವ ಮಗ್ಗುಲಿನದು ಎಂಬುದು ಹಾಯಿಯನ್ನು ನೋಡಿದರೆ ತಿಳಿಯುತ್ತದೆ. ೧೯೩೦ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಮೊದಲಾದವರು ನಿಯಮಗಳನ್ನು ಹೊಸದಾಗಿ ಕಟ್ಟಲು ತೊಡಗಿದಾಗ ಹಿಡಿದದ್ದು ಈ ಎರಡನೆಯ ದಾರಿಯನ್ನು. ಅದು ೧೯೬೦ರ ಸುಮಾರಿಗೆ ಅಂತರರಾಷ್ಟ್ರೀಯ ನಿಯಮವಾಯಿತು. ಕಾರುಣ್ಯವನ್ನು ಬಿಟ್ಟು ಕುರುಹನ್ನು ಹಿಡಿದರೆಂದು ಇದನ್ನು ಆಕ್ಷೇಪಿಸಬಹುದು. ಆದರೆ ಅರಸುತನದಂತೆ ಈ ಕುರುಹು ಯಾರ ಸ್ವತ್ತೂ ಅಲ್ಲ. ಈಗ ಹಾದಿ ಬಿಟ್ಟವನು ಹೊರಳಿದನೆಂದರೆ ಮರುಗಳಿಗೆಯಲ್ಲಿ ಹಾದಿ ಪಡೆಯುವವನಾಗುತ್ತಾನೆ. ಅರ್ಥವಿಲ್ಲದ ಕುರುಹಾದುದರಿಂದಲೇ ಅದು ಇಬ್ಬರಿಗೂ ಸಮಾನವಾಯಿತು. ಸಮಬಲರ ಸ್ಪರ್ಧೆಗೆ ಇದೇ ಯುಕ್ತವೆಂದು ನಮ್ಮ ಅಭಿಪ್ರಾಯ.

ನಿಯಮ ಎಷ್ಟೇ ಸ್ಪಷ್ಟವಾಗಿರಲಿ, ತೀರ್ಪು ಬೇರೆಯ ವಿಷಯ. ಯಾಜ್ಞವಲ್ಕ್ಯನ ಮತದಲ್ಲಿ ವ್ಯವಹಾರಕ್ಕೆ ನಾಲ್ಕು ಪಾದಗಳು: ದೂರು, ಉತ್ತರ, ಪ್ರಮಾಣ, ನಿರ್ಣಯ. ಒಂದು ಪಾದ ಊನವಾದರೂ ವ್ಯವಹಾರ ಕುಂಟುತ್ತದೆ. ಅಮೆರಿಕಾ ಕಪ್ ಎಂಬ ಪ್ರಸಿದ್ಧ ದ್ವಂದ್ವಸ್ಪರ್ಧೆಯ ಎರಡು ಪ್ರಸಂಗಗಳನ್ನು ಈ ಅಳತೆಗೋಲಿನಿಂದ ನೋಡಬಹುದು.

೧೯೩೪ರಲ್ಲಿ ಇಂಗ್ಲೆಂಡಿನ ‘ಎಂಡೆವರ್’ ಮೊದಲ ಎರಡು ಪಂದ್ಯಗಳನ್ನು ಗೆದ್ದು, ಮೂರನೆಯದನ್ನು ಅಮೆರಿಕದ ‘ರೇನ್‌ಬೋ’ಗೆ ಸೋತಿತು. ನಾಲ್ಕನೆಯ ಪಂದ್ಯದಲ್ಲಿ ‘ರೇನ್‌ಬೋ’ ತನಗೆ ಹಾದಿ ಬಿಡಲಿಲ್ಲವೆಂದು ‘ಎಂಡೆವರ್’ನ ನಾಯಕ ಸಾಪ್‌ವಿತ್ ದೂರಿದನು. ದೂರಿನ ಧ್ವಜವನ್ನು ಅವನು ಘಟನೆಯೊಡನೆಯೇ ಏರಿಸದೆ, ಗುರಿಯ ಬಳಿ ಸಮಿತಿಯವರಿಗೆ ಕಾಣುವಂತೆ ಏರಿಸಿದನೆಂಬ ಕಾರಣದಿಂದ ದೂರನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ‘ರೇನ್‌ಬೋ’ ಕೊನೆಗೆ ನಾಲ್ಕು-ಎರಡರಿಂದ ಗೆದ್ದಿತು. ಇಲ್ಲಿ ಮೊದಲನೆಯ ಪಾದದಲ್ಲಿಯೇ ವ್ಯವಹಾರ ಮುಗ್ಗರಿಸಿತು. ತಪ್ಪು ಯಾರದೆಂಬುದು ಇತ್ಯರ್ಥವಾಗದೆ ಉಳಿಯಿತು. ನಿಯಮಗಳನ್ನು ಹೊಸದಾಗಿ ಕಟ್ಟಲು ಮುಂದಾದ ವ್ಯಾಂಡರ್‌ಬಿಲ್ಟನೇ ಆ ‘ರೇನ್‌ಬೋ’ದ ಚುಕ್ಕಾಣಿ ಹಿಡಿದವನೆಂಬುದು ಸ್ಮರಣಾರ್ಹ.

೧೯೭೦ರ ಎರಡನೆಯ ಪಂದ್ಯದಲ್ಲಿ ಆಸ್ಟ್ರೇಲಿಯದ ‘ಗ್ರೆಟೆಲ್ ೨’ ಮತ್ತು ಅಮೆರಿಕದ ‘ಇಂಟ್ರೆಪಿಡ್’ ಆರಂಭದಲ್ಲಿಯೇ ತಾಗಿದವು. ಗುರಿಯನ್ನು ಮೊದಲು ಮುಟ್ಟಿದ್ದು ‘ಗ್ರೆಟೆಲ್ ೨’. ಆದರೆ ದಡದ ಮೇಲೆ ನಡೆದ ವಿಚಾರಣೆಯಲ್ಲಿ ಅದನ್ನು ಅನರ್ಹಗೊಳಿಸಲಾಯಿತು. ನಿಯಮದ ದೃಷ್ಟಿಯಿಂದ ಆ ತೀರ್ಪು ಸರಿಯೆಂದು ವಾದಿಸುವವರುಂಟು. ಆದರೆ ತೀರ್ಪು ಕೊಟ್ಟ ಸಮಿತಿಯು ಕಪ್ಪನ್ನು ಕಾಯುತ್ತಿದ್ದ ನ್ಯೂಯಾರ್ಕ್ ಸಂಘದ್ದೇ ಆಗಿದ್ದಿತು. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ತೀರ್ಪು ಹೇಳುವ ಸಭ್ಯರಿಗೆ ವಿವಾದದ ಎರಡರಷ್ಟು ದಂಡವನ್ನು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಇಲ್ಲಿ ಅಂತಹ ದೋಷವಿದ್ದಿತೆಂದು ನಾವು ಹೇಳಲಾರೆವು. ಆದರೆ ತೀರ್ಪು ಶುದ್ಧವಾಗಿದ್ದರೆ ಸಾಲದು, ಶುದ್ಧವೆಂದು ಕಾಣಲೂ ಬೇಕು. ಆ ಬಳಿಕ ಇಂತಹ ವಿವಾದಗಳು ಅಂತರರಾಷ್ಟ್ರೀಯ ನ್ಯಾಯಮಂಡಲಿಗೆ ಹೋಗತೊಡಗಿದುದು ಈ ಕಾರಣದಿಂದಲೇ.

ಗೆದ್ದವರು ಯಾರೆಂಬುದು ದಡಕ್ಕೆ ಬಂದ ಮೇಲೆ ತಿಳಿಯುವ ಈ ದುರವಸ್ಥೆಗೆ ಪರಿಹಾರವಾಗಿ ೧೯೮೦ರ ದಶಕದ ಉತ್ತರಾರ್ಧದಲ್ಲಿ ನೀರಿನ ಮೇಲೆಯೇ ತೀರ್ಪು ಕೊಡುವ ಅಂಪೈರುಗಳು ಬಂದರು. ಅವರು ತಮ್ಮ ಯಂತ್ರದೋಣಿಯಲ್ಲಿ ಸ್ಪರ್ಧಿಗಳನ್ನು ಹಿಂಬಾಲಿಸುತ್ತಾರೆ. ಒಂದು ದೋಣಿ ನೀಲಿ, ಇನ್ನೊಂದು ಹಳದಿ. ನೊಂದ ದೋಣಿಯು ತನ್ನ ಧ್ವಜವನ್ನು ತೋರಿಸುತ್ತದೆ. ಅಂಪೈರುಗಳು ಕ್ಷಣಕಾಲದಲ್ಲಿ ಉತ್ತರ ಕೊಡುತ್ತಾರೆ. ಹಸಿರುಬಿಳಿ ಧ್ವಜವೆಂದರೆ ದಂಡವಿಲ್ಲ; ನೀಲಿ ಅಥವಾ ಹಳದಿಯೆಂದರೆ ಆ ದೋಣಿಯು ಒಂದು ಸುತ್ತು ಹಾಕಬೇಕು; ಕಪ್ಪೆಂದರೆ ಅದಕ್ಕೆ ಪಂದ್ಯವೇ ಮುಗಿಯಿತು. ಹಾದಿಯ ವಿವಾದವನ್ನು ಅವರು ಸಾಮಾನ್ಯವಾಗಿ ದೂರಿಲ್ಲದೆ ಎತ್ತಿಕೊಳ್ಳುವುದಿಲ್ಲ. ಅರಸನು ತಾನಾಗಿಯೇ ವ್ಯವಹಾರವನ್ನು ಹುಟ್ಟಿಸಕೂಡದೆಂಬ ಮನುವಿನ ಕಟ್ಟಳೆ ಇಲ್ಲಿ ನೆನಪಾಗುತ್ತದೆ.

ಮೇಲುನೋಟಕ್ಕೆ ಈ ತೀರ್ಪಿನಲ್ಲಿ ಎರಡನೆಯ ಪಾದವೇ ಇಲ್ಲ. ಆಪಾದಿತನ ಉತ್ತರವನ್ನು ಯಾರೂ ಕೇಳುವುದಿಲ್ಲ. ಆದರೆ ಅಂಪೈರುಗಳ ಅಭ್ಯಾಸವನ್ನು ನೋಡಿದರೆ ಆ ಪಾದವು ಬೇರೆ ರೂಪದಲ್ಲಿ ಕಾಣುತ್ತದೆ. ದೋಣಿಯಲ್ಲಿರುವ ಇಬ್ಬರು ಅಂಪೈರುಗಳಲ್ಲಿ ಒಬ್ಬನು ನೀಲಿಯ ಪಾತ್ರವನ್ನೂ ಇನ್ನೊಬ್ಬನು ಹಳದಿಯ ಪಾತ್ರವನ್ನೂ ವಹಿಸಿಕೊಂಡು, ‘ನನಗೆ ಹಾದಿಯಿದೆ’, ‘ನಾನು ಸರಿಯುತ್ತಿದ್ದೇನೆ’ ಎಂದು ಗಟ್ಟಿಯಾಗಿ ಹೇಳುತ್ತಾ ಹೋಗುತ್ತಾರೆ. ದೂರು ಬರುವ ಮೊದಲೇ ವಾದವೂ ಪ್ರತಿವಾದವೂ ನಡೆದಿರುತ್ತವೆ. ಸಂದೇಹ ಬಂದಾಗ ಕೊನೆಯ ಬಾರಿ ನಿಶ್ಚಯವಾಗಿ ಕಂಡ ಸ್ಥಿತಿಯೇ ಮುಂದುವರಿದಿದೆಯೆಂದು ಎಣಿಸುತ್ತಾರೆ. ಇದು ಪ್ರಮಾಣದ ಪಾದಕ್ಕೆ ಕೊಟ್ಟ ಊರುಗೋಲು. ೨೦೧೩ರ ಅಮೆರಿಕಾ ಕಪ್ಪಿನ ವೇಳೆಗೆ ಉಪಗ್ರಹದ ನೆರವಿನಿಂದ ದೋಣಿಗಳ ಸ್ಥಾನವನ್ನು ತೋರಿಸುವ ಯಂತ್ರಗಳೂ ಬಂದವು. ಆದರೆ ಯಂತ್ರವು ದೋಣಿ ಎಲ್ಲಿದ್ದಿತೆಂದು ಹೇಳಬಲ್ಲುದು. ಸರಿಯಲು ಸಾಕಷ್ಟು ಎಡೆ ಕೊಟ್ಟಿತೆ ಎಂಬುದನ್ನು ಮನುಷ್ಯನೇ ಹೇಳಬೇಕು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಅಂಪೈರರ ಇಂತಹ ತೀರ್ಪಿನ ಮೇಲೆ ಮೇಲ್ಮನವಿಯಿಲ್ಲ. ಕೆಟ್ಟದಾಗಿ ತೀರಿದ ವ್ಯವಹಾರವನ್ನು ಅರಸನು ಮತ್ತೆ ನೋಡತಕ್ಕದ್ದೆಂದು ಸ್ಮೃತಿಯು ಹೇಳಿದರೆ, ದ್ವಂದ್ವಸ್ಪರ್ಧೆಯ ನಿಯಮವು ಆ ಬಾಗಿಲನ್ನೇ ಮುಚ್ಚಿದೆ. ಸ್ಮೃತಿಯಲ್ಲಿ ಪಣಕ್ಕಿರುವುದು ಹೊಲಮನೆ. ಅದನ್ನು ಹತ್ತು ವರ್ಷದ ಮೇಲೂ ಹಿಂದಿರುಗಿಸಬಹುದು. ದೋಣಿಯ ಪಂದ್ಯದಲ್ಲಿ ಪಣಕ್ಕಿರುವುದು ಆ ಗಳಿಗೆಯ ಗಾಳಿ. ಅದನ್ನು ಯಾವ ನ್ಯಾಯಾಸನವೂ ಹಿಂದಿರುಗಿಸಲಾರದು. ತಡವಾದ ಸರಿತೀರ್ಪಿಗಿಂತ ತಕ್ಷಣದ ತೀರ್ಪು ಇಲ್ಲಿ ನ್ಯಾಯಕ್ಕೆ ಹತ್ತಿರವೆಂಬುದು ನಮಗೆ ಒಪ್ಪಿಗೆಯೇ. ಆದರೆ ಹಾಗೆ ಒಪ್ಪುವಾಗ ತಪ್ಪಿನ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಕೂಡದು. ತಪ್ಪಾಗಿ ದಂಡಿತನಾದವನು ಎಲ್ಲರ ಅನುಕೂಲಕ್ಕಾಗಿ ಆ ಹೊರೆಯನ್ನು ಹೊರುತ್ತಾನೆ.

ಇದಕ್ಕೆ ಪರಿಹಾರವು ನಿಯಮದಲ್ಲಿ ಇಲ್ಲದಿದ್ದರೂ ಆಟಗಾರನಲ್ಲಿ ಇರಬಹುದು. ೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯದಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪು ಕೊಟ್ಟಾಗ, ಚೆಂಡು ಬ್ಯಾಟಿಗೆ ತಾಗಲಿಲ್ಲವೆಂದು ತಿಳಿದ ಭಾರತದ ನಾಯಕ, ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರು ಟೇಲರನನ್ನು ಹಿಂದಕ್ಕೆ ಕರೆಸಿದರು. ೫೮ ಓಟಗಳಿಗೆ ೫ ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡ್, ಬಾಥಮ್ ಮತ್ತು ಟೇಲರ್ ಕೂಡಿಸಿದ ೧೭೧ ಓಟಗಳಿಂದ ಚೇತರಿಸಿಕೊಂಡು ಹತ್ತು ವಿಕೆಟ್‌ಗಳಿಂದ ಗೆದ್ದಿತು. ವಿಶ್ವನಾಥರು ಪಂದ್ಯವನ್ನು ಕಳೆದುಕೊಂಡರು. ಆದರೆ ದೂರುವ ಅಧಿಕಾರದ ಜೊತೆಗೆ ದೂರನ್ನು ಹಿಂದೆಗೆದುಕೊಳ್ಳುವ ಅಧಿಕಾರವೂ ಇದೆಯೆಂಬುದನ್ನು ತೋರಿಸಿದರು. ದೋಣಿಯ ಸ್ಪರ್ಧೆಯಲ್ಲಿಯೂ ಧ್ವಜವನ್ನು ತೋರಿಸುವುದು ಕಡ್ಡಾಯವಲ್ಲ. ಎದುರಾಳಿ ಸರಿದದ್ದನ್ನು ಕಣ್ಣಾರೆ ಕಂಡವನು ಅಂಪೈರನ ಕಣ್ಣು ತಪ್ಪೀತೆಂಬ ಆಸೆಯಿಂದ ಧ್ವಜವನ್ನು ತೋರಿಸಿದರೆ, ಅವನು ನಿಯಮವನ್ನು ಮುರಿದವನಲ್ಲದಿದ್ದರೂ ಹಾದಿಯನ್ನು ಕೆಡಿಸಿದವನು.

ಒಟ್ಟಿನಲ್ಲಿ ಹೇಳುವುದಾದರೆ, ಸ್ಮೃತಿಯು ಹಾದಿಯನ್ನು ಹಂಚುವಲ್ಲಿ ಮೇಲುಕೀಳನ್ನು ಬಿಡಲಾರದೆ ಹೋಯಿತು. ತೀರ್ಪಿನ ವಿಷಯದಲ್ಲಿ ತನ್ನನ್ನು ತಾನೇ ಸಂದೇಹಿಸಿಕೊಳ್ಳುವ ಹಿರಿತನವನ್ನು ತೋರಿಸಿತು. ದೋಣಿಯ ನಿಯಮವು ಹಾದಿಯನ್ನು ಸಮನಾಗಿ ಹಂಚಿತು. ತೀರ್ಪಿನ ವಿಷಯದಲ್ಲಿ ಅವಸರಕ್ಕೆ ಶರಣಾಯಿತು. ಎರಡೂ ಒಪ್ಪುವ ಮಾತು ಒಂದೇ: ಹಾದಿ ಎಂಬುದು ಪಡೆಯುವವನ ಬಲದಿಂದಲ್ಲ, ಬಿಡುವವನ ಕರ್ತವ್ಯದಿಂದ ಉಳಿಯುತ್ತದೆ. ಹೇರಿದ ಬಂಡಿಗೆ ಬರಿಯ ಬಂಡಿ ಸರಿದು ನಿಲ್ಲುವಾಗ ಅಲ್ಲಿ ಅಂಪೈರನೂ ಇಲ್ಲ, ಧ್ವಜವೂ ಇಲ್ಲ. ಶಾಸ್ತ್ರಗಳೆಲ್ಲ ಆ ಸರಿಯುವಿಕೆ ತಪ್ಪಿದಾಗ ಬೇಕಾಗುವ ಸಾಧನಗಳು ಮಾತ್ರ.