ಟೈರ್ ಗುರುತಿನಿಂದ ವೇಗದ ಲೆಕ್ಕ: ಬಲ ಮತ್ತು ಮಿತಿ

ವಸ್ತುವಿನ ಮೇಲೆ ನಡೆದ ಒಟ್ಟು ಕೆಲಸವು ಅದರ ಚಲನ ಶಕ್ತಿಯಲ್ಲಾದ ಬದಲಾವಣೆಗೆ ಸಮ. ಕೆಲಸ-ಶಕ್ತಿ ತತ್ತ್ವದ ಈ ಒಂದು ಸಾಲನ್ನು ನೆಚ್ಚಿ, ರಸ್ತೆಯಲ್ಲಿ ಟೈರ್ ಉಜ್ಜಿದ ಗುರುತಿನಿಂದ ಅಪಘಾತಕ್ಕೀಡಾದ ವಾಹನದ ವೇಗವನ್ನು ಲೆಕ್ಕಹಾಕುತ್ತಾರೆ. 2010ರಲ್ಲಿ ತೆರೆದ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸುಮಾರು 10 ಕಿ.ಮೀ. ಮೇಲ್ಸೇತುವೆಯಂಥ ರಸ್ತೆಗಳಲ್ಲಿ ಈ ಲೆಕ್ಕ ಎಷ್ಟು ನಂಬಿಕೆಗೆ ಅರ್ಹ ಎಂಬುದು ಮುಖ್ಯ ಪ್ರಶ್ನೆ.

ಸಮತಟ್ಟಾದ ರಸ್ತೆಯಲ್ಲಿ ಚಕ್ರಗಳೆಲ್ಲ ಬಿಗಿದು ವಾಹನ ಜಾರಿ ನಿಂತರೆ, ವೇಗದ ವರ್ಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ಗುರುತಿನ ಉದ್ದ ಇವುಗಳ ಗುಣಲಬ್ಧದ ಎರಡರಷ್ಟು. ಒಣ ರಸ್ತೆಯ ಘರ್ಷಣಾಂಕ 0.7, ಗುರುತು 30 ಮೀಟರ್ ಎಂದಿಟ್ಟುಕೊಂಡರೆ ವೇಗ ಗಂಟೆಗೆ ಸುಮಾರು 73 ಕಿ.ಮೀ. ಬ್ರೇಕ್ ಒತ್ತಿ ಎಷ್ಟು ಸೆಕೆಂಡಾಯಿತೆಂದು ಯಾರನ್ನೂ ಕೇಳಬೇಕಿಲ್ಲ. ಸೂತ್ರದಲ್ಲಿ ವಾಹನದ ತೂಕವೂ ಉಳಿಯುವುದಿಲ್ಲ. ವಿಧಾನದ ದೊಡ್ಡ ಬಲ ಇದೇ.

ಜಾರಿದ ಮೇಲೂ ವಾಹನ ಗಂಟೆಗೆ 40 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆದಿದ್ದರೆ ಮೂಲ ವೇಗ 113 ಅಲ್ಲ, ಸುಮಾರು 83. ಏಕೆಂದರೆ ಕೂಡಬೇಕಾದದ್ದು ವೇಗಗಳನ್ನಲ್ಲ, ಅವುಗಳ ವರ್ಗಗಳನ್ನು. 80 ಕಿ.ಮೀ. ಮಿತಿಯ ರಸ್ತೆಯಲ್ಲಿ 73 ಮತ್ತು 83ರ ನಡುವೆ ತೀರ್ಪೇ ಬದಲಾಗುತ್ತದೆ.

ದೌರ್ಬಲ್ಯವಿರುವುದು ಘರ್ಷಣಾಂಕದಲ್ಲಿ. ಮಳೆಯಲ್ಲಿ ಅದು 0.4ಕ್ಕೆ ಇಳಿದಿದ್ದರೆ ಅದೇ 30 ಮೀಟರ್ ಗುರುತು 55 ಕಿ.ಮೀ. ವೇಗವನ್ನಷ್ಟೇ ಸೂಚಿಸುತ್ತದೆ. ವರ್ಗಮೂಲದ ಕಾರಣ ಸಣ್ಣ ತಪ್ಪು ಅರ್ಧಕ್ಕೆ ಇಳಿಯುತ್ತದೆ: ಘರ್ಷಣಾಂಕದಲ್ಲಿ ಶೇ 10ರ ದೋಷ ವೇಗದಲ್ಲಿ ಸುಮಾರು ಶೇ 5 ಮಾತ್ರ. ಆದರೆ ಒದ್ದೆ ರಸ್ತೆಯನ್ನು ಒಣ ರಸ್ತೆಯೆಂದು ಬಗೆದ ತಪ್ಪನ್ನು ಯಾವ ವರ್ಗಮೂಲವೂ ಸರಿಪಡಿಸದು. ಸೇತುವೆಯಿಂದ ಇಳಿಯುವ ರ‍್ಯಾಂಪಿನಲ್ಲಿ ಇಳಿಜಾರನ್ನು ಮರೆತರೆ ಲೆಕ್ಕ ವೇಗವನ್ನು ಹೆಚ್ಚಾಗಿ ತೋರಿಸುತ್ತದೆ, ಏರಿನಲ್ಲಿ ಕಡಿಮೆಯಾಗಿ.

ಇನ್ನೊಂದು ಮಿತಿ ಕಾಲದ್ದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ವ್ಯವಸ್ಥೆ ಕಡ್ಡಾಯ. ಚಕ್ರ ಬಿಗಿಯದಂತೆ ಅದು ತಡೆಯುವುದರಿಂದ ಕಪ್ಪು ಗುರುತು ಮಸುಕಾಗಿರುತ್ತದೆ, ಕೆಲವೊಮ್ಮೆ ಮೂಡುವುದೇ ಇಲ್ಲ. ಗುರುತು ಕಾಣದ್ದರಿಂದ ವೇಗ ಕಡಿಮೆಯಿತ್ತು ಎನ್ನುವಂತಿಲ್ಲ. ಅಂಥಲ್ಲಿ ಸಿಸಿಟಿವಿ ದೃಶ್ಯವೇ ಉತ್ತಮ ಆಧಾರ.

ತತ್ತ್ವದಲ್ಲಿ ದೋಷವಿಲ್ಲ, ಅದಕ್ಕೆ ಉಣಿಸುವ ಅಳತೆಗಳಲ್ಲಿ ದೋಷ ಬರಬಹುದು. ಆದ್ದರಿಂದ ಸ್ಥಳ ಮಹಜರಿನಲ್ಲಿ ಗುರುತಿನ ಉದ್ದದ ಜೊತೆಗೆ ರಸ್ತೆಯ ತೇವ, ಇಳಿಜಾರು, ಟೈರ್ ಸ್ಥಿತಿ ದಾಖಲಾಗಬೇಕು; ಉತ್ತರವನ್ನು ಒಂದೇ ಸಂಖ್ಯೆಯಾಗಿ ಹೇಳದೆ ಕನಿಷ್ಠ-ಗರಿಷ್ಠ ವ್ಯಾಪ್ತಿಯಾಗಿ ಹೇಳಬೇಕು. ಹಾಗೆ ಹೇಳಿದಾಗ ಮಾತ್ರ ಈ ಲೆಕ್ಕ ಸಾಕ್ಷ್ಯವಾಗಿ ನಿಲ್ಲಲು ಯೋಗ್ಯ.