ರೊಟ್ಟಿಯ ಪೊಟ್ಟಣ: ಲಾಂಛನ ಮತ್ತು ಹೊದಿಕೆಯ ವಿಮರ್ಶೆ

ವಿಶ್ವವಿದ್ಯಾನಿಲಯದ ಸಂಶೋಧನ ಪತ್ರಿಕೆಯಲ್ಲಿ ತಿಂಡಿಯ ಪೊಟ್ಟಣವನ್ನು ಕುರಿತು ಬರೆಯಹೊರಟರೆ, ಇದೂ ವಿಚಾರಕ್ಕೆ ತಕ್ಕ ವಿಷಯವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಶಾಸನವನ್ನು ಓದುವುದು ವಿದ್ವತ್ತು, ಪೊಟ್ಟಣವನ್ನು ಓದುವುದು ಹೊತ್ತು ಕಳೆಯುವ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಶಾಸನವೂ ತನ್ನ ಕಾಲದಲ್ಲಿ ಯಾರು, ಏನು, ಎಷ್ಟು, ಯಾವಾಗ ಎಂಬುದನ್ನು ನಾಲ್ವರು ಕಾಣುವಂತೆ ಬರೆದಿಟ್ಟ ಬರಹವೇ ಅಲ್ಲವೆ? ತಯಾರಿಸಿದವರ ಹೆಸರು, ಪದಾರ್ಥ, ತೂಕ, ಬೆಲೆ, ದಿನಾಂಕ ಇವುಗಳನ್ನು ಪೊಟ್ಟಣವೂ ಹೇಳುತ್ತದೆ. ಶಾಸನದ ನೆತ್ತಿಯ ಮೇಲೆ ಸೂರ್ಯಚಂದ್ರರಿರುವಂತೆ ಪೊಟ್ಟಣದ ನೆತ್ತಿಯ ಮೇಲೆ ಲಾಂಛನವೊಂದಿರುತ್ತದೆ. ಇಂದು ನಮ್ಮ ಜನ ದಿನವೂ ಕೈಯಲ್ಲಿ ಹಿಡಿಯುವ ಮುದ್ರಿತ ಬರಹ ಇದೇ ಆಗಿರುವುದರಿಂದ, ಇದು ನಿಜ ನುಡಿಯುತ್ತದೆಯೇ ಇಲ್ಲವೇ ಎಂದು ನೋಡುವುದು ವಿಮರ್ಶೆಯ ಕೆಲಸವೇ ಸರಿ.

ವಿಷಯ ಈಗ ನಮ್ಮ ಭಾಗದಲ್ಲಿ ಪ್ರಸ್ತುತವಾಗಲು ಕಾರಣವಿದೆ. ನೆರೆಯ ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳು ತಟ್ಟಿದ ಜೋಳದ ರೊಟ್ಟಿ ಈಗ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದೂರದೂರಕ್ಕೆ ಹೋಗುತ್ತಿದೆ. ೨೦೨೫ರ ಜೂನ್ ತಿಂಗಳ 'ಮನ್ ಕೀ ಬಾತ್' ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಅದರ ಪ್ರಸ್ತಾಪ ಮಾಡಿದ ಮೇಲೆ ಹೆಸರು ಇನ್ನಷ್ಟು ಹಬ್ಬಿತು. ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಂದಿನಿಂದಲೇ ಜೋಳ, ಸಜ್ಜೆ, ನವಣೆಗಳ ತಿಂಡಿಗಳಿಗೆ ಪೇಟೆಯಲ್ಲಿ ಮರ್ಯಾದೆ ಹೆಚ್ಚಿದೆ. ಕಲಬುರಗಿ ಮಾಡಿದ್ದನ್ನು ಭಾಲ್ಕಿ, ಔರಾದ, ಬೀದರಗಳೂ ಮಾಡಬಲ್ಲವು. ಕೈಗುಣದಲ್ಲಿ ನಮ್ಮವರು ಯಾರಿಗೂ ಕಡಮೆಯಲ್ಲ. ಆದರೆ ರೊಟ್ಟಿ ಅಡುಗೆಮನೆಯಿಂದ ಅಂಗಡಿಗೆ ಹೊರಟೊಡನೆ ಅದಕ್ಕೊಂದು ಹೊದಿಕೆ ಬೇಕು, ಲಾಂಛನ ಬೇಕು. ಇದ್ದ ಲಾಂಛನ ಹಳತಾಯಿತು, ಹೊಸದು ಮಾಡಿಸಿ ಎಂಬ ಸಲಹೆಗಾರರೂ ಬೆನ್ನಿಗೇ ಬರುತ್ತಾರೆ. ರೊಟ್ಟಿ ಊಟದ ಪದಾರ್ಥ, ತಿಂಡಿಯಲ್ಲ ಎಂಬ ಆಕ್ಷೇಪವನ್ನು ನಾವು ಗಣಿಸುವುದಿಲ್ಲ. ಖಡಕ್ ರೊಟ್ಟಿಯನ್ನು ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಮೆಲ್ಲುವುದು ಇಲ್ಲಿಯವರಿಗೆ ಗೊತ್ತಿರುವ ಸಂಗತಿಯೇ ಆಗಿದೆ.

ಮೊದಲು ಹಳೆಯ ಹೊದಿಕೆಯನ್ನು ನೋಡೋಣ. ಹೊಲಕ್ಕೆ ಹೋಗುವ ಬುತ್ತಿಗೆ ಅರಿವೆಯ ಗಂಟು ಸಾಕಾಗಿತ್ತು. ಎಳ್ಳಮಾವಾಸ್ಯೆಯ ದಿನ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿಗಳು ಬುಟ್ಟಿ ಮಡಕೆಗಳಲ್ಲಿ ಹೊಲಕ್ಕೆ ಹೋಗಿ, ಬುಟ್ಟಿ ಮಡಕೆಗಳು ಮರಳಿ ಮನೆಗೆ ಬರುತ್ತಿದ್ದವು. ಇಲ್ಲಿ ಹೊದಿಕೆ ಎಸೆಯುವ ವಸ್ತುವಲ್ಲ, ಮರಳುವ ವಸ್ತು. ಅಂಗಡಿಯ ಚುರುಮುರಿ, ಪುಟಾಣಿಗಳಿಗೆ ರದ್ದಿ ಕಾಗದದ ಪೊಟ್ಟಣವಿತ್ತು. (ಮುದ್ರಣದ ಮಸಿ ಆಹಾರಕ್ಕೆ ಹತ್ತುವುದೆಂದು ೨೦೧೮ರ ಆಹಾರ ಹೊದಿಕೆಯ ನಿಯಮಗಳು ವೃತ್ತಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ನಿಷೇಧಿಸಿವೆ. ನಿಷೇಧ ನ್ಯಾಯವಾದದ್ದೇ, ಆದರೂ ಪೊಟ್ಟಣ ಬಿಚ್ಚಿ ಹಳೆಯ ಸುದ್ದಿ ಓದಿದ ಬಾಲ್ಯವುಳ್ಳ ನಮಗೆ ಸ್ವಲ್ಪ ಬೇಸರವೂ ಆಗದಿರಲಿಲ್ಲ.) ಈ ಹೊದಿಕೆಗಳಾವುವೂ ತಾವು ಪರಿಸರಸ್ನೇಹಿಯೆಂದು ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಬೇಕಾದ ಅಗತ್ಯ ಅವಕ್ಕಿರಲಿಲ್ಲ.

ಇಂದಿನ ಪರಿಸರಸ್ನೇಹಿ ಪೊಟ್ಟಣಕ್ಕೆ ಒಂದು ಸಿದ್ಧಶೈಲಿಯೇ ಬೆಳೆದುನಿಂತಿದೆ. ಕಂದುಬಣ್ಣದ ಒರಟು ಕಾಗದ. ಅದರ ಮೇಲೆ ಒಂದೋ ಎರಡೋ ಹಸಿರೆಲೆ. ಕೈಬರಹದಂತೆ ತೋರುವ ಇಂಗ್ಲಿಷ್ ಅಕ್ಷರ. ಮೂಲೆಯಲ್ಲಿ ಮುಖವಿಲ್ಲದ ಒಬ್ಬ ರೈತನ ರೇಖಾಚಿತ್ರ. ಕೊಲ್ಲಾಪುರದ ಬೆಲ್ಲಕ್ಕೂ ಕೊಡಗಿನ ಕಾಫಿಗೂ ಭಾಲ್ಕಿಯ ರೊಟ್ಟಿಗೂ ಅದೇ ಎಲೆ. ಕಾವ್ಯದಲ್ಲಿ ಸವೆದ ಉಪಮಾನವನ್ನು ಕಂಡರೆ ಮುಖ ತಿರುಗಿಸುವ ನಾವು ಇಲ್ಲಿ ಮಾತ್ರ ಏಕೆ ಮೆಚ್ಚಬೇಕು? ಜೋಳದ ಹೊಲವನ್ನು ಕಂಡವನಾರೂ ಆ ದುಂಡನೆಯ ಪುಟ್ಟ ಎಲೆಯನ್ನು ಜೋಳದ್ದೆಂದು ಒಪ್ಪಲಾರ. ಅದು ಯಾವ ಗಿಡದ ಎಲೆಯೂ ಅಲ್ಲ. 'ನಾನು ಒಳ್ಳೆಯವನು' ಎಂಬ ಮಾತಿನ ಚಿತ್ರ, ಅಷ್ಟೆ.

ಲಾಂಛನದ ಗುಣವನ್ನು ಅಳೆಯಲು ನಮ್ಮ ದೇಶದಲ್ಲಿಯೇ ಎರಡು ಉದಾಹರಣೆಗಳಿವೆ. ಪರಿಸರಕ್ಕೆ ಹಾನಿ ಕಡಮೆಯಿರುವ ಸರಕುಗಳಿಗಾಗಿ ಭಾರತ ಸರ್ಕಾರ ೧೯೯೧ರಲ್ಲಿಯೇ 'ಇಕೋಮಾರ್ಕ್' ಯೋಜನೆಯನ್ನು ತಂದಿತು. ಅದರ ಲಾಂಛನ ಮಣ್ಣಿನ ಮಡಕೆ. ಮಣ್ಣಿನಿಂದ ಬಂದು ಮಣ್ಣಿಗೆ ಹೋಗುವ, ಬಡವನ ಮನೆಯಲ್ಲಿಯೂ ಇರುವ ಮಡಕೆಗಿಂತ ಮೇಲಾದ ಸಂಕೇತವನ್ನು ಹುಡುಕುವುದು ಕಷ್ಟ. ಆದರೂ ಆ ಮಡಕೆಯನ್ನು ಪೊಟ್ಟಣದ ಮೇಲೆ ಕಂಡ ನೆನಪು ನಮ್ಮ ಓದುಗರಲ್ಲಿ ಎಷ್ಟು ಜನರಿಗೆ ಇದ್ದೀತು? ತಯಾರಕರು ಮುಂದೆ ಬರಲಿಲ್ಲ, ಕೊಳ್ಳುವವರು ಕೇಳಲಿಲ್ಲ. ಕೊನೆಗೆ ೨೦೨೪ರಲ್ಲಿ ಹೊಸ ನಿಯಮಗಳನ್ನೇ ರಚಿಸಬೇಕಾಯಿತು. ಇನ್ನೊಂದು, ಸಸ್ಯಾಹಾರವನ್ನು ಸೂಚಿಸುವ ಹಸಿರು ಚೌಕದೊಳಗಿನ ಹಸಿರು ಬೊಟ್ಟು. ಈ ಶತಮಾನದ ಆರಂಭದಲ್ಲಿ ಕಡ್ಡಾಯವಾದ ಈ ಗುರುತಿನಲ್ಲಿ ಕಲೆಯೆಂಬುದು ಏನೂ ಇಲ್ಲ. ಆದರೆ ಅಕ್ಷರ ಬಾರದ ಅಜ್ಜಿಯೂ ಅದನ್ನು ತಿರುಗಿಸಿ ನೋಡಿಯೇ ಮೊಮ್ಮಗನ ಕೈಗೆ ಬಿಸ್ಕತ್ತು ಕೊಡುತ್ತಾಳೆ. ಬೊಟ್ಟು ಒಂದೇ ಒಂದು ಸಂಗತಿಯನ್ನು ಹೇಳುತ್ತದೆ, ಆ ಸಂಗತಿ ಪರೀಕ್ಷೆಗೆ ಸಿಕ್ಕುವಂಥದು, ಸುಳ್ಳಾದರೆ ದಂಡವಿದೆ. ಬಣ್ಣ ಗುರುತಿಸಲಾರದ ಕಣ್ಣಿನವರಿಗೆ ತೊಡಕಾಗದಿರಲೆಂದು ಮಾಂಸಾಹಾರದ ಗುರುತನ್ನು ೨೦೨೦ರ ನಿಯಮಗಳಲ್ಲಿ ತ್ರಿಕೋನಕ್ಕೆ ಬದಲಿಸಿದರು. ನಮ್ಮ ಬಲ್ಲಮಟ್ಟಿಗೆ ಇಷ್ಟು ಸಕಾರಣವಾದ ಲಾಂಛನ ಪರಿಷ್ಕರಣ ವಿರಳ. ಮಡಕೆ ಚೆಲುವಾಗಿಯೂ ಸೋತಿತು, ಬೊಟ್ಟು ಬೋಳಾಗಿಯೂ ಗೆದ್ದಿತು. ಎಲೆಗೋ ಮಡಕೆಯ ಅರ್ಥವೂ ಇಲ್ಲ, ಬೊಟ್ಟಿನ ನಿಷ್ಕೃಷ್ಟತೆಯೂ ಇಲ್ಲ.

ಇನ್ನು ಹೊದಿಕೆಯ ಮಾತು. ಇಲ್ಲಿ ವಿಷಯ ಜಟಿಲವಾಗಿರುವುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಉಳಿಯುವುದು ಅದರಲ್ಲಿ ನೀರಿನಂಶ ಅತ್ಯಲ್ಪವಾಗಿರುವುದರಿಂದ. ಗಾಳಿಯ ತೇವ ತಗಲಿದರೆ ಅದು ತೊಗಲಿನಂತೆ ಮೆತ್ತಗಾಗಿ, ಕೊನೆಗೆ ಬೂಸಲು ಹಿಡಿಯುತ್ತದೆ. ಬೀದರಿನ ಬೇಸಗೆಯಲ್ಲಿ ಬರಿಯ ಕಾಗದ ಸಾಕಾದೀತು; ಅದೇ ರೊಟ್ಟಿ ಮಳೆಗಾಲದಲ್ಲಿ ಮಂಗಳೂರಿಗೆ ಹೋದರೆ ಕಾಗದ ಅದನ್ನು ಕಾಯಲಾರದು. ಆದ್ದರಿಂದ ಕಂದು ಕಾಗದದ ಚೀಲಗಳ ಒಳಮೈಗೆ ಸಾಮಾನ್ಯವಾಗಿ ತೆಳುವಾದ ಪಾಲಿಥೀನ್ ಪದರವನ್ನೋ ಅಲ್ಯುಮಿನಿಯಂ ಪದರವನ್ನೋ ಅಂಟಿಸಿರುತ್ತಾರೆ. ನೋಡುವವರಿಗೆ ಅದು ಕಾಗದ. ಗುಜರಿಯವನಿಗೆ ಅದು ಕಾಗದವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಪದರಗಳನ್ನು ಬೇರ್ಪಡಿಸುವುದು ಸುಲಭವಲ್ಲವಾಗಿ ಅವನು ಅದನ್ನು ಕೊಳ್ಳುವುದಿಲ್ಲ. ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದಾದ ಸಾದಾ ಚೀಲವಾದರೋ ಶುಚಿಯಾಗಿದ್ದರೆ ಮತ್ತೆ ಕರಗಿಸಿ ಬಳಸಲು ಬರುತ್ತದೆ. ಹೀಗೆ, ಕಣ್ಣಿಗೆ ಪಾಪಿಯಂತೆ ತೋರುವ ಚೀಲ ನಡತೆಯಲ್ಲಿ ವಾಸಿಯಾಗಿದ್ದು, ಸಾಧುವೇಷದ ಚೀಲ ತಿಪ್ಪೆಯಲ್ಲಿ ಬಹುಕಾಲ ಬಿದ್ದಿರುವುದುಂಟು. ಗ್ರಾಹಕ ಸಂರಕ್ಷಣ ಪ್ರಾಧಿಕಾರವು ೨೦೨೪ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಪರಿಸರಸ್ನೇಹಿ ಎಂಬಂಥ ಮಾತಿಗೆ ಆಧಾರ ಬೇಕು. ಆ ಮಾತು ಪದಾರ್ಥಕ್ಕೆ ಅನ್ವಯಿಸುವುದೋ ಹೊದಿಕೆಗೋ ತಯಾರಿಕೆಗೋ ಎಂಬುದನ್ನು ಸ್ಪಷ್ಟಪಡಿಸಬೇಕು. ಮಳೆಯಾಶ್ರಯದ ಜೋಳದ ರೊಟ್ಟಿ ಪರಿಸರಸ್ನೇಹಿ ಎನ್ನಲು ಕಾರಣಗಳುಂಟು. ಅದನ್ನೇ ಚೀಲಕ್ಕೂ ಆರೋಪಿಸುವುದು ಅಲಂಕಾರಶಾಸ್ತ್ರದಲ್ಲಿ ಸಲ್ಲಬಹುದು, ವ್ಯವಹಾರದಲ್ಲಿ ಸಲ್ಲದು.

ಮಣ್ಣಿನಲ್ಲಿ ಕರಗುವ ಚೀಲ ಏಕಾಗಬಾರದು ಎಂದು ವಿದ್ಯಾರ್ಥಿಗಳು ಕೇಳಬಹುದು. ಅಮೆರಿಕದಲ್ಲಿ ಇದರ ಪ್ರಯೋಗ ನಡೆಯಿತು. 'ಸನ್‌ಚಿಪ್ಸ್' ಎಂಬ ಧಾನ್ಯದ ಕುರುಕಲು ತಿಂಡಿಗೆ ಅದರ ತಯಾರಕರು ಮೆಕ್ಕೆಜೋಳದಿಂದ ಪಡೆದ ಪಾಲಿಲ್ಯಾಕ್ಟಿಕ್ ಆಮ್ಲದ ಚೀಲವನ್ನು ತಂದರು. ಚೀಲ ಮುಟ್ಟಿದರೆ ಸಾಕು, ವಿಪರೀತ ಸದ್ದು. ಜನ ನಕ್ಕರು, ದೂರಿದರು. ೨೦೧೦ರ ಅಕ್ಟೋಬರಿನಲ್ಲಿ ಬಹುಪಾಲು ರುಚಿಗಳಿಗೆ ಹಳೆಯ ಚೀಲವೇ ಮರಳಿತು. ಆಶಯ ಸಾಧುವಾಗಿದ್ದರೂ ಕೈಗೂ ಕಿವಿಗೂ ಒಗ್ಗದ ಹೊದಿಕೆ ನಿಲ್ಲಲಾರದೆಂಬುದು ಇದರಿಂದ ತಿಳಿಯುತ್ತದೆ. ಅಲ್ಲದೆ ಇಂಥ ವಸ್ತುಗಳು ಕರಗಲು ಕಾರ್ಖಾನೆಯ ಮಾದರಿಯ ಗೊಬ್ಬರದ ಘಟಕವೂ ಅದರ ಬಿಸಿಯೂ ಬೇಕು. ಹಿತ್ತಿಲ ತಿಪ್ಪೆಯಲ್ಲಿ ಬಾಳೆಲೆಯಂತೆ ಅವು ಕರಗುವುದಿಲ್ಲ.

ಹಾಗಾದರೆ ಮಾಡುವುದೇನು? ಹೊದಿಕೆಯನ್ನು ದೂರ ನಿರ್ಧರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಭಾಲ್ಕಿಯಲ್ಲಿ ತಟ್ಟಿ ಭಾಲ್ಕಿಯಲ್ಲಿ ಮಾರುವ ರೊಟ್ಟಿಗೆ ಪೊಟ್ಟಣವೇ ಬೇಡ. ಅಂಗಡಿಯಲ್ಲೊಂದು ಮುಚ್ಚಳದ ತಗಡಿನ ಡಬ್ಬಿ, ಎಣಿಸಿ ಕೊಡುವ ಕೈ, ಕೊಳ್ಳುವವರ ಚೀಲ ಇಷ್ಟಿದ್ದರೆ ಸಾಕು. ಬೆಂಗಳೂರಿಗೆ ಹೋಗುವ ರೊಟ್ಟಿಗೆ ಒಂದೇ ಬಗೆಯ ಪ್ಲಾಸ್ಟಿಕ್ಕಿನ ಪಾರದರ್ಶಕ ಚೀಲವೂ, ಬಸ್ಸಿನ ಕುಲುಕಿಗೆ ಮುರಿಯದಂತೆ ಅಡಿಯಲ್ಲೊಂದು ದುಂಡನೆಯ ರಟ್ಟೂ, ಬರಹಕ್ಕಾಗಿ ಬಿಡಿಸಿ ತೆಗೆಯಬಹುದಾದ ಕಾಗದದ ಪಟ್ಟಿಯೂ ಇರಲಿ. ಮುರಿದ ರೊಟ್ಟಿಯ ನಷ್ಟ ತಟ್ಟಿದವಳ ಲೆಕ್ಕಕ್ಕೇ ಬೀಳುವುದರಿಂದ ಆ ರಟ್ಟಿನ ತುಂಡು ಲಾಂಛನಕ್ಕಿಂತ ಮುಖ್ಯವೆಂದರೂ ಸಲ್ಲುತ್ತದೆ. ಚಕ್ಕುಲಿ, ಸೇವುಗಳ ಮಾತು ಬೇರೆ. ಎಣ್ಣೆಯಲ್ಲಿ ಕರಿದ ಪದಾರ್ಥ ಬೆಳಕಿಗೂ ಗಾಳಿಗೂ ಕಮಟುವುದರಿಂದ ಅದಕ್ಕೆ ಪಾರದರ್ಶಕ ಚೀಲ ತಕ್ಕದ್ದಲ್ಲ.

ಲಾಂಛನಕ್ಕೆ ಮರಳೋಣ. ಭಾಲ್ಕಿಯ ಸಂತೆಯಲ್ಲಿ ಈ ಒಂದು ಪದಾರ್ಥಕ್ಕೆ ಮೂರು ಹೆಸರು: ಕನ್ನಡದಲ್ಲಿ ರೊಟ್ಟಿ, ಮರಾಠಿಯಲ್ಲಿ ಭಾಕರಿ, ಉರ್ದುವಿನಲ್ಲಿ ರೋಟಿ. ಎಲ್ಲರಿಗೂ ಒಪ್ಪಿಗೆಯಾಗಲೆಂದು ಇಂಗ್ಲಿಷ್ ಅಕ್ಷರದ ಮೊರೆಹೊಕ್ಕರೆ ಎಲ್ಲರಿಗೂ ಸಮಾನ ದೂರವಾದೀತೇ ಹೊರತು ಯಾರಿಗೂ ಹತ್ತಿರವಾಗದು. ಪೊಟ್ಟಣದ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಜೊತೆಗೆ ಇತರ ಭಾಷೆಯೂ ಇರಬಹುದು. ರಾಜ್ಯದ ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವಾದರೋ ಇಲ್ಲಿ ತಯಾರಾದ ಸರಕಿನ ಹೆಸರೂ ಬಳಸುವ ಸೂಚನೆಯೂ ಕನ್ನಡದಲ್ಲಿಯೂ ಇರಬೇಕೆನ್ನುತ್ತದೆ. ೨೦೨೫ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ಆದೇಶದ ಮೂಲಕ ಮತ್ತೆ ನೆನಪಿಸಿತು. ಇಂಥ ವಿಷಯದಲ್ಲಿ ಭಾಲ್ಕಿಗೆ ಆದೇಶ ಬೇಕಾಗಬಾರದಿತ್ತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ ಸಂಗತಿ ಈ ಸೀಮೆಯ ಮನೆಮನೆಗೂ ಗೊತ್ತು. ಅಂದು ಒಳಗೊಂದು ಹೊರಗೊಂದು ಆದದ್ದು ನಿರ್ಬಂಧದಿಂದ. ಇಂದು ಒಳಗೆ ಜೋಳದ ರೊಟ್ಟಿಯನ್ನಿಟ್ಟು ಹೊರಗೆ ಪರದೇಶದ ಫಲಕ ಹಾಕುವುದು ಯಾವ ನಿರ್ಬಂಧದಿಂದ? ತಾನು ತಟ್ಟಿದ ರೊಟ್ಟಿಯ ಪೊಟ್ಟಣವನ್ನು ತಾನೇ ಓದಲಾಗದ ಸ್ಥಿತಿಗೆ ಸಂಘದ ಹೆಣ್ಣುಮಗಳನ್ನು ತಂದಿಡುವ ವಿನ್ಯಾಸ, ನೋಡಲು ಎಷ್ಟೇ ಸೊಗಸಾಗಿರಲಿ, ಕೆಟ್ಟ ವಿನ್ಯಾಸ.

ಅಕ್ಷರವೇ ಲಾಂಛನವಾಗಲು ಬರುವುದಿಲ್ಲವೆ? 'ರೊಟ್ಟಿ' ಎಂಬ ಮಾತನ್ನು ಬರೆದು ನೋಡಬೇಕು. ರಕಾರವೇ ದುಂಡು. ಟಕಾರದ ಒತ್ತು ಅದರ ಅಡಿಗೆ ಕುಳಿತು ಪದಕ್ಕೆ ಗಟ್ಟಿತನ ಕೊಡುತ್ತದೆ. ಆ ಒತ್ತಿನಲ್ಲಿ ಮುರಿಯುವ ಸದ್ದೂ ಇದೆ. ರೋಮನ್ ಲಿಪಿಗೆ ಹೋಗುವಾಗ ಎರಡನೆಯ ಟಕಾರ ಎಷ್ಟೋ ಸಲ ಬಿದ್ದುಹೋಗಿ ರೊಟ್ಟಿ ರೋಟಿಯಾಗುತ್ತದೆ, ಎಂದರೆ ಬೇರೆಯೇ ಪದಾರ್ಥವಾಗುತ್ತದೆ. ಕಪ್ಪು ಮಸಿಯೊಂದರಲ್ಲಿಯೇ ಅಚ್ಚಾಗಬಲ್ಲ ಇಂಥ ಲಾಂಛನಕ್ಕೆ ಖರ್ಚೂ ಕಡಮೆ. ಕಪ್ಪು ಬಿಳುಪುಗಳೆರಡರಲ್ಲಿಯೇ ಲೋಕ ಮೆಚ್ಚುವಂತೆ ಮಾಡಬಹುದೆಂಬುದಕ್ಕೆ ಬಿದರಿ ಕೆಲಸವನ್ನು ಕಣ್ಣೆದುರಿಗಿಟ್ಟುಕೊಂಡಿರುವ ಈ ಜಿಲ್ಲೆಯವರಿಗೆ ಸಾಕ್ಷ್ಯ ಹೇಳಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ: ಅಕ್ಷರವನ್ನು ತೀರ ಕಿರಿದು ಮಾಡಿದರೆ ಒತ್ತಕ್ಷರ ಮಸಿ ತುಂಬಿ ಕಲಸಿಹೋಗುತ್ತದೆ. ಇಂಗ್ಲಿಷಿಗೆಂದು ಅಳೆದ ಜಾಗದಲ್ಲಿ ಕನ್ನಡವನ್ನು ತುರುಕಿದಾಗ ಆಗುವುದು ಇದೇ.

ಇರುವ ಲಾಂಛನವನ್ನು ಬದಲಿಸುವವರು ಆತುರಪಡಬಾರದು. ೨೦೦೯ರಲ್ಲಿ ಅಮೆರಿಕದ 'ಟ್ರಾಪಿಕಾನಾ' ಹಣ್ಣಿನ ರಸದ ಡಬ್ಬಿಯ ಮೇಲೆ ಕಿತ್ತಳೆಹಣ್ಣಿಗೆ ಕೊಳವೆ ಚುಚ್ಚಿದ ಹಳೆಯ ಚಿತ್ರವನ್ನು ತೆಗೆದು ನವೀನ ವಿನ್ಯಾಸ ತಂದರು. ಕೊಳ್ಳುವವರಿಗೆ ತಮ್ಮ ಡಬ್ಬಿಯೇ ಗುರುತು ಸಿಕ್ಕದೆ ಮಾರಾಟ ಕುಸಿಯಿತು. ಎರಡು ತಿಂಗಳೊಳಗೆ ಹಳೆಯ ಚಿತ್ರ ಮರಳಿತು. ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನ ಶರಭವನ್ನು ನೋಡಿ: ಸಿಂಹದ ಮೈ, ಆನೆಯ ತಲೆ, ಗಂಧಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ನೂರು ವರ್ಷಕ್ಕೂ ಮಿಕ್ಕಿ ಒಂದೇ ಕಡೆ ನಿಂತುದರಿಂದ ಅದಕ್ಕೆ ಗಂಧದ ಪರಿಮಳವೇ ಅಂಟಿಕೊಂಡಿದೆ.

ಕೊನೆಯದಾಗಿ ದಿನಾಂಕದ ವಿಷಯ. ರೊಟ್ಟಿ ಕೊಳ್ಳುವವರು ಮೊದಲು ಕೇಳುವುದು ಎಂದು ತಟ್ಟಿದ್ದು ಎಂದು. ಪೊಟ್ಟಣದಲ್ಲಿ ಮಾತ್ರ ಅದನ್ನು ಹಿಂಬದಿಯ ಹೊಲಿಗೆಯ ಅಂಚಿನಲ್ಲಿ, ಬೆರಳಿಗೆ ಅಳಿಸಿಹೋಗುವ ಮೊಹರಿನಲ್ಲಿ ಒತ್ತಿರುವುದೇ ಹೆಚ್ಚು. ಅದನ್ನು ಮುಂಬದಿಗೆ ತಂದು, ಹೆಸರಿನ ಕೆಳಗೆ, ಎಲೆ ಇದ್ದ ಜಾಗದಲ್ಲಿ ದಪ್ಪ ಅಂಕಿಗಳಲ್ಲಿ ಅಚ್ಚು ಮಾಡಬಹುದು.