ಹಿಂಬದಿಯ ಬೆಳಕಿಲ್ಲದ ಬೆಟ್ಟ

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಬಣ್ಣದ ಗಾಜುಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಕಳಚಿಟ್ಟು, 1947ರಲ್ಲಿ ಮತ್ತೆ ಕೂರಿಸಲಾಯಿತು. 1882ರ ಆ ಗಾಥಿಕ್ ಕಟ್ಟಡದ ಕಿಟಕಿಗಳಲ್ಲಿ ಬಿಸಿಲು ಹಾಯ್ದಾಗಲೇ ಚಿತ್ರ ಪೂರ್ತಿಯಾಗುವುದು. ಇಂದಿರಾನಗರದ ಮನೆಯೊಂದರಲ್ಲಿ ಕುಳಿತು ಮೊಸಾಯಿಕ್ ಮಾಡುವ ಹವ್ಯಾಸಿ ಅದೇ ಬಗೆಯ ಗಾಜನ್ನು ತುಂಡರಿಸಿ ಪ್ಲೈವುಡ್ಡಿಗೆ ಅಂಟಿಸಿದರೆ ಹಿಂದಿನ ಬೆಳಕಿನ ದಾರಿಯೇ ಮುಚ್ಚಿಹೋಗುತ್ತದೆ. ಶರತ್ಕಾಲದ ಬೆಟ್ಟಸಾಲಿನ ಮೊಸಾಯಿಕ್‌ಗಳು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ.

ಈ ವಸ್ತುವಿನ ಮೇರುಕೃತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ: ಟಿಫನಿ ಸ್ಟುಡಿಯೋಸ್ 1923–24ರಲ್ಲಿ ರೂಪಿಸಿದ ‘ಆಟಮ್ ಲ್ಯಾಂಡ್‌ಸ್ಕೇಪ್’. ಹನ್ನೊಂದು ಅಡಿ ಎತ್ತರದ ಈ ಕಿಟಕಿಯ ವಿನ್ಯಾಸ ಆಗ್ನೆಸ್ ನಾರ್ತ್ರಪ್ ಅವರದೆಂದು ಹೇಳುತ್ತಾರೆ. ಬಾಸ್ಟನ್ನಿನ ಮನೆಯೊಂದಕ್ಕಾಗಿ ಮಾಡಿಸಿದ್ದು, ಮಾಡಿಸಿದವರು ತೀರಿಕೊಂಡ ಮೇಲೆ 1925ರಲ್ಲಿ ಮ್ಯೂಸಿಯಮ್ಮಿಗೆ ಬಂತು. ಎಲೆಗಳ ಜಾಗದಲ್ಲಿ ಬಣ್ಣದ ಚೂರುಗಳು ಒಳಗೇ ಹುದುಗಿರುವ ಗಾಜು. ಆಳ ಬೇಕೆಂದಲ್ಲಿ ಒಂದರ ಹಿಂದೊಂದು ಪದರ. ಕುಂಚ ಮಾಡಬೇಕಾದ ಕೆಲಸವನ್ನೆಲ್ಲ ಗಾಜಿನ ಗುಣವೇ ಮಾಡಿದೆ. ಅದರ ಛಾಯಾಚಿತ್ರ ನೋಡಿ ಮೊಸಾಯಿಕ್ ಮಾಡಹೊರಟವರಿಗೆ ಆ ಹೊಳಪು ಹಲಗೆಯ ಮೇಲೆ ಸಿಗುವುದಿಲ್ಲ.

ಪಾರದರ್ಶಕ ಕೆಂಪು, ಜೇನುಬಣ್ಣಗಳು ಮರದ ಹಲಗೆಯ ಮೇಲೆ ಕಂದಿ ಮಂಕಾಗುತ್ತವೆ. ಹಲಗೆಗೆ ಮೊದಲು ಬಿಳಿ ಬಳಿದರೆ ಸ್ವಲ್ಪ ಚೇತರಿಕೆ. ಹಾಲು ಬೆರೆತಂತಿರುವ ಅಪಾರದರ್ಶಕ ಗಾಜು ಇನ್ನೂ ವಾಸಿ. ಗೆರೆಗಳಿರುವ ಗಾಜಾದರೆ ಗೆರೆ ಬೆಟ್ಟದ ಇಳಿಜಾರಿನ ದಿಕ್ಕಿಗೇ ಹರಿಯಬೇಕು, ಅಡ್ಡಾದಿಡ್ಡಿ ಇಟ್ಟರೆ ಬೆಟ್ಟ ನಿಲ್ಲುವುದಿಲ್ಲ. ದೂರದ ಸಾಲುಗಳಿಗೆ ಉದ್ದನೆಯ, ತಣ್ಣನೆಯ ತುಂಡುಗಳು. ಹತ್ತಿರದ ಮರಗಳಿಗೆ ಇಕ್ಕಳದಲ್ಲಿ ಕಡಿದ ಪುಟ್ಟ ಚೂರುಗಳು. ಎಲ್ಲಕ್ಕೂ ಒಂದೇ ಅಳತೆಯ ಚೌಕ ಬಳಸಿದವರು ದೂರವನ್ನೇ ಕಳೆದುಕೊಳ್ಳುತ್ತಾರೆ.

ಆಮೇಲೆ ಗ್ರೌಟ್, ಅಂದರೆ ತುಂಡುಗಳ ನಡುವಿನ ಸಂದು ತುಂಬುವ ಗಾರೆ. ಇಷ್ಟು ಮಹತ್ವದ ನಿರ್ಧಾರವನ್ನು ಎಷ್ಟೋ ಮಂದಿ ಕೊನೆಗೆ ಬಿಡುತ್ತಾರೆ. ಬಿಳಿ ಗ್ರೌಟ್ ತುಂಡುಗಳ ನಡುವೆ ಬಲೆಯಂತೆ ಎದ್ದು ಕಂಡು ಕಾಡನ್ನು ಚಿಂದಿ ಮಾಡುತ್ತದೆ. ಕಡುಬೂದು ಗ್ರೌಟ್ ಹಾಕಿದರೆ ಕೆಂಪು, ಹಳದಿ ಎರಡೂ ಉರಿಯತೊಡಗುತ್ತವೆ.

ಬಣ್ಣದ ಆಯ್ಕೆಗೆ ಮೇಪಲ್ ಎಲೆಯ ನಮೂನೆಯನ್ನೇ ಏಕೆ ನೆಚ್ಚಬೇಕು? ಬೆಂಗಳೂರಿನಲ್ಲಿ ಅಕ್ಟೋಬರ್ ತಿಂಗಳು ಹಸಿರಿನದು, ಮಳೆಯದು. ಇಲ್ಲಿನ ಕೆಂಪು ಆಮೇಲೆ ಬರುತ್ತದೆ: ಚಳಿಗಾಲದ ಕೊನೆಗೆ ಕಾಡುಬಾದಾಮಿಯ ಎಲೆಗಳು ಮಾಗಿ ಕೆಂಪಾಗಿ ಉದುರುತ್ತವೆ, ಅರಳಿಯ ಚಿಗುರು ತಾಮ್ರದ ಬಣ್ಣ ತಾಳುತ್ತದೆ, ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಮುತ್ತುಗ ಹೂ ಬಿಡುತ್ತದೆ. ಈ ಬಣ್ಣಗಳ ಹಿಂದೆ ನಿಲ್ಲಿಸಲು 1,478 ಮೀಟರ್ ಎತ್ತರದ ನಂದಿ ಬೆಟ್ಟವಿದೆ. ಅದರ ಬೋಳು ಬಂಡೆಯ ಬೂದುಬಣ್ಣವನ್ನು ಗಾಜಿನಲ್ಲಿ ತರುವುದು ಕೆಂಪನ್ನು ತರುವುದಕ್ಕಿಂತ ಕಷ್ಟ, ಅದಕ್ಕೇ ಹೆಚ್ಚು ಬೆಲೆಯುಳ್ಳ ಕೆಲಸ. ವಿದೇಶದ ಕಾಡನ್ನು ಚಿತ್ರಿಸುವುದು ತಪ್ಪಲ್ಲ. ಕಣ್ಣಾರೆ ಕಂಡ ಬೆಟ್ಟದಲ್ಲಿ ಮಾತ್ರ ಯಾವ ತುಂಡು ಎಲ್ಲಿ ಕೂರಬೇಕೆಂಬ ಪ್ರಶ್ನೆಗೆ ಮಾಡುವವರ ಬಳಿಯೇ ಉತ್ತರವಿರುತ್ತದೆ.

ಇಂಥ ಕೃತಿಗೆ ಡ್ರಾಯಿಂಗ್ ರೂಮಿಗಿಂತ ಒಳ್ಳೆಯ ಜಾಗವೂ ಇದೆ. ಟ್ರಿನಿಟಿ, ಹಲಸೂರು, ಇಂದಿರಾನಗರ ದಾಟಿ ಕೆ.ಆರ್.ಪುರದತ್ತ ಸಾಗುವ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣಗಳಲ್ಲಿ ಗೋಡೆಗಳಿವೆ. ಅಲ್ಲಿ ಪ್ಲೈವುಡ್ ಬದಲು ಸಿಮೆಂಟ್ ಹಲಗೆ ಬಳಸಿದರೆ ತೇವಕ್ಕೆ ಉಬ್ಬುವ ಭಯವಿಲ್ಲ, ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಓರೆಯಾಗಿ ಬೀಳುವ ಬೆಳಕು ಸಿಗುವ ಗೋಡೆಯನ್ನೇ ಆರಿಸಬೇಕು, ಆಗ ತುಂಡುಗಳ ಅಂಚೂ ಹೊಳೆಯುತ್ತದೆ.